ರೋಗಿಯೂ ಸತ್ಯವಚನವೂ

ನಮ್ಮ ನಂಜನಗೂಡು ಸೀಮೆಯ ಗೃಹಸ್ಥರಲ್ಲಿ ಒಂದು ವಾಡಿಕೆಯುಂಟು. ಮನೆಯ ಹಿರಿಯರೊಬ್ಬರಿಗೆ ಅರ್ಬುದರೋಗ, ಎಂದರೆ ಕ್ಯಾನ್ಸರು, ಬಂದಿರುವುದೆಂದು ವೈದ್ಯರು ಹೇಳಿದರೆ, ಆ ಸುದ್ದಿಯು ಮಕ್ಕಳಿಗೆ ಮುಟ್ಟುತ್ತದೆ, ಸೊಸೆಯರಿಗೆ ಮುಟ್ಟುತ್ತದೆ, ಬೀಗರಿಗೂ ಮುಟ್ಟುತ್ತದೆ. ರೋಗಿಗೆ ಮಾತ್ರ ಮುಟ್ಟುವುದಿಲ್ಲ. “ಏನೂ ಇಲ್ಲಮ್ಮ, ಸಣ್ಣದೊಂದು ಗಂಟು, ಔಷಧಿಗೆ ಕರಗುತ್ತದೆ” ಎಂದು ನಂಬಿಸಿ, ಹೆಮ್ಮರಗಾಲದಂತಹ ಗ್ರಾಮದಿಂದ ಮೈಸೂರಿಗೋ ಬೆಂಗಳೂರಿಗೋ ಕರೆದೊಯ್ಯುತ್ತಾರೆ. ಬೆಂಗಳೂರಿನ ಕಿದ್ವಾಯಿ ಆಸ್ಪತ್ರೆಯು 1973ರಲ್ಲಿ ಆರಂಭವಾದುದು. ಅದರ ಹೆಸರನ್ನು ಕೇಳಿದ ಮಾತ್ರಕ್ಕೆ ಯಾವ ರೋಗವೆಂದು ಊಹಿಸಬಲ್ಲವರು ಇಂದು ಪ್ರತಿ ಹಳ್ಳಿಯಲ್ಲಿಯೂ ಇದ್ದಾರೆ. ಆದರೂ ಮನೆಯವರು ಹೇಳುವುದಿಲ್ಲ; ರೋಗಿಯೂ ಕೇಳುವುದಿಲ್ಲ. ಈ ಮೌನವು ಧರ್ಮವೇ, ಅಲ್ಲವೇ ಎಂಬುದನ್ನು ವಿಚಾರಿಸುವುದು ಈ ಲೇಖನದ ಉದ್ದೇಶ.

ಈ ಮರೆಮಾಚುವಿಕೆಯು ಕಪಟದಿಂದ ಹುಟ್ಟಿದುದಲ್ಲ, ವಾತ್ಸಲ್ಯದಿಂದ ಹುಟ್ಟಿದುದು. ಹಿಂದೆ ಅದಕ್ಕೊಂದು ಸಮರ್ಥನೆಯೂ ಇದ್ದಿತು. ಸುಶ್ರುತಸಂಹಿತೆಯ ನಿದಾನಸ್ಥಾನದ 11ನೆಯ ಅಧ್ಯಾಯದಲ್ಲಿ ಅರ್ಬುದದ ಲಕ್ಷಣಗಳು ನಿರೂಪಿತವಾಗಿವೆ. ಅದರ ಕೆಲವು ಭೇದಗಳನ್ನು ಆ ಗ್ರಂಥವು ಅಸಾಧ್ಯಗಳೆಂದೇ ಎಣಿಸಿದೆ. ಮಾಡತಕ್ಕದ್ದೇನೂ ಇಲ್ಲದಿರುವಾಗ ತಿಳಿಸಿ ಫಲವೇನು ಎಂದು ಹಿರಿಯರು ಕೇಳಿದುದು ಸಹಜ. ಆದರೆ ಆ ಸ್ಥಿತಿಯು ಇಂದು ಹಾಗೆಯೇ ಉಳಿದಿಲ್ಲ.

ಮೊದಲು ಕಾಣುವ ವಿದ್ಯೆಯನ್ನು ನೋಡೋಣ. ಅರ್ಬುದದ ಜೀವಕೋಶಗಳು ಸಕ್ಕರೆಯನ್ನು ಅತಿಯಾಗಿ ಸೆಳೆದುಕೊಳ್ಳುವುವೆಂದು ಜರ್ಮನಿಯ ಓಟ್ಟೋ ವಾರ್ಬರ್ಗ್ ಎಂಬ ವಿಜ್ಞಾನಿಯು 1920ರ ದಶಕದಲ್ಲಿ ಕಂಡುಕೊಂಡನು. ಆ ಹೊಟ್ಟೆಬಾಕತನವೇ ಇಂದು ಅವುಗಳ ಸುಳಿವನ್ನು ಬಿಟ್ಟುಕೊಡುತ್ತಿದೆ. ಸಕ್ಕರೆಯಂತಹ ಒಂದು ವಸ್ತುವಿಗೆ ವಿಕಿರಣಶೀಲವಾದ ಫ್ಲೋರಿನ್ ಪರಮಾಣುವನ್ನು ಸೇರಿಸಿ ರಕ್ತನಾಳಕ್ಕೆ ಕೊಡುತ್ತಾರೆ. ಎಲ್ಲಿ ಸಕ್ಕರೆಯ ಸೆಳೆತ ಹೆಚ್ಚೋ ಅಲ್ಲಿ ಅದು ಕೂಡಿಕೊಂಡು, ಹೊರಗಿನ ಯಂತ್ರಕ್ಕೆ ಬೆಳಕಿನ ಚುಕ್ಕೆಯಾಗಿ ತೋರುತ್ತದೆ. ಇದೇ ಪೆಟ್ ಸ್ಕ್ಯಾನ್. ಈ ವಸ್ತುವನ್ನು ಮನುಷ್ಯನಲ್ಲಿ ಮೊದಲು ಪ್ರಯೋಗಿಸಿದುದು 1976ರಲ್ಲಿ, ಅಮೆರಿಕದ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದಲ್ಲಿ. ಸುಮಾರು 110 ನಿಮಿಷಗಳಿಗೆ ಅದರ ಪ್ರಭಾವವು ಅರ್ಧಕ್ಕಿಳಿಯುವುದರಿಂದ, ದೇಹದಲ್ಲಿ ಬಹುಕಾಲ ನಿಲ್ಲುವುದಿಲ್ಲ.

ಇನ್ನು ಕೊಲ್ಲುವ ವಿದ್ಯೆ. ಹಳೆಯ ಕ್ರಮದ ಅನೇಕ ಔಷಧಗಳು ಕಳೆಯ ಜೊತೆಗೆ ಪೈರನ್ನೂ ಸುಡುತ್ತಿದ್ದುವು. ಹೊಸ ಔಷಧಗಳಲ್ಲಿ ಕೆಲವು ಕಳೆಯ ಗುರುತು ಹಿಡಿದು ಹೊಡೆಯಬಲ್ಲುವು. ರಕ್ತದ ಒಂದು ಬಗೆಯ ಅರ್ಬುದದಲ್ಲಿ ವಿಕೃತವಾದ ವರ್ಣತಂತುವೊಂದಿರುವುದು 1960ರಲ್ಲಿ ಅಮೆರಿಕದ ಫಿಲಡೆಲ್ಫಿಯಾದಲ್ಲಿ ಗೋಚರವಾಯಿತು. ಎರಡು ವರ್ಣತಂತುಗಳ ತುಂಡುಗಳು ಸ್ಥಳ ಬದಲಾಯಿಸಿಕೊಂಡಿರುವುದೇ ಅದಕ್ಕೆ ಕಾರಣವೆಂದು 1973ರಲ್ಲಿ ಜಾನೆಟ್ ರೌಲಿ ಎಂಬ ವಿದುಷಿಯು ತೋರಿಸಿಕೊಟ್ಟಳು. ಆ ವಿಕಾರದಿಂದ ಹುಟ್ಟುವ ಒಂದೇ ಒಂದು ಕಿಣ್ವವನ್ನು ತಡೆಯುವ ಇಮಾಟಿನಿಬ್ ಎಂಬ ಮಾತ್ರೆಗೆ ಅಮೆರಿಕದಲ್ಲಿ ಅನುಮತಿ ದೊರೆತುದು 2001ರಲ್ಲಿ. ಸ್ತನದ ಅರ್ಬುದಗಳಲ್ಲಿ ಸುಮಾರು ಐದರಲ್ಲೊಂದು ಪಾಲಿಗೆ ಸಲ್ಲುವ ಟ್ರಾಸ್ಟುಜುಮಾಬ್ 1998ರಲ್ಲಿ ಬಂದಿತು. ಅದಕ್ಕೆ ಸದೃಶವಾದ ಔಷಧವನ್ನು ಬೆಂಗಳೂರಿನ ಬಯೋಕಾನ್ ಸಂಸ್ಥೆಯೇ 2014ರಲ್ಲಿ ನಮ್ಮ ದೇಶದಲ್ಲಿ ಮಾರಾಟಕ್ಕೆ ತಂದಿತು. ಥೈರಾಯ್ಡ್ ಗ್ರಂಥಿಯ ಅರ್ಬುದದಲ್ಲಂತೂ ಕಾಣಿಸುವ ವಸ್ತುವೂ ಕೊಲ್ಲುವ ವಸ್ತುವೂ ಒಂದೇ ಆಗಬಹುದು. ವಿಕಿರಣಶೀಲ ಅಯೋಡಿನ್ ಆ ಎರಡು ಕೆಲಸಗಳನ್ನೂ ಮಾಡಬಲ್ಲುದು.

ಇಂತಿರಲು ಒಂದು ವಿಚಿತ್ರವನ್ನು ವಾಚಕರು ಗಮನಿಸಬೇಕು. ಯಂತ್ರಕ್ಕೆ ರೋಗವು ಕಾಣುತ್ತದೆ. ಮಾತ್ರೆಗೆ ಅದರ ಗುರುತು ಸಿಕ್ಕುತ್ತದೆ. ವೈದ್ಯನಿಗೆ ತಿಳಿದಿದೆ, ಮನೆಯವರಿಗೆ ತಿಳಿದಿದೆ. ಯಾರ ಶರೀರವೋ ಅವರೊಬ್ಬರೇ ಕತ್ತಲೆಯಲ್ಲಿದ್ದಾರೆ.

ಇಲ್ಲಿ ಪೂರ್ವಪಕ್ಷವೊಂದು ಏಳುತ್ತದೆ, ಮತ್ತು ಅದು ದುರ್ಬಲವಾದುದಲ್ಲ. ಚರಕಸಂಹಿತೆಯ ವಿಮಾನಸ್ಥಾನದ 8ನೆಯ ಅಧ್ಯಾಯದಲ್ಲಿ, ಗುರುವು ಶಿಷ್ಯನಿಗೆ ಮಾಡುವ ಅನುಶಾಸನದಲ್ಲಿ, ರೋಗಿಯ ಆಯುಷ್ಯವು ಕುಗ್ಗಿರುವುದನ್ನು ತಿಳಿದರೂ, ಹೇಳುವುದರಿಂದ ರೋಗಿಗಾಗಲಿ ಇತರರಿಗಾಗಲಿ ಆಘಾತವಾಗುವಲ್ಲಿ, ಅದನ್ನು ಹೇಳಕೂಡದೆಂದಿದೆ. ಆಚಾರ್ಯವಚನವೇ ಹೀಗಿರುವಾಗ ನಮ್ಮ ಮೌನದಲ್ಲಿ ದೋಷವೇನು ಎಂದು ಕೇಳಬಹುದು.

ಸಮಾಧಾನವಿದು. ಆ ವಚನವು ನಿಷೇಧಿಸಿರುವುದು ಆಯುಷ್ಯದ ಪ್ರಮಾಣವನ್ನು ನುಡಿಯುವುದನ್ನು, ವ್ಯಾಧಿಯ ಹೆಸರನ್ನಲ್ಲ. ಅದೂ ಎಲ್ಲೆಡೆಯಲ್ಲ, ಆಘಾತವಾಗುವಲ್ಲಿ ಮಾತ್ರ. ಇದಲ್ಲದೆ ಅದೇ ಗ್ರಂಥದ ಸೂತ್ರಸ್ಥಾನದ 9ನೆಯ ಅಧ್ಯಾಯದಲ್ಲಿ ಚಿಕಿತ್ಸೆಗೆ ನಾಲ್ಕು ಪಾದಗಳೆಂದು ಹೇಳಿದೆ: ವೈದ್ಯ, ಔಷಧ, ಪರಿಚಾರಕ, ರೋಗಿ. ನಾಲ್ಕನೆಯ ಪಾದವಾದ ರೋಗಿಯಲ್ಲಿ ಇರತಕ್ಕ ಗುಣಗಳಾವುವು? ಸ್ಮೃತಿ, ವೈದ್ಯನ ನಿರ್ದೇಶದಂತೆ ನಡೆಯುವಿಕೆ, ಅಭೀರುತ್ವ, ಮತ್ತು ತನ್ನ ವ್ಯಾಧಿಯನ್ನು ತಿಳಿಯಪಡಿಸುವ ಸಾಮರ್ಥ್ಯ. ಏತಕ್ಕೆ ಅಂಜಬಾರದೆಂದೇ ಅರಿಯದವನಲ್ಲಿ ಅಭೀರುತ್ವವನ್ನು ಅಪೇಕ್ಷಿಸುವುದು ಹೇಗೆ? ತನ್ನಲ್ಲೇನಾಗುತ್ತಿದೆಯೆಂದು ತಿಳಿಯದವನು ತಿಳಿಯಪಡಿಸುವುದೇನನ್ನು?

ಹೊಸ ಚಿಕಿತ್ಸೆಗಳು ಈ ನಾಲ್ಕನೆಯ ಪಾದದ ಮೇಲೆ ಹಿಂದಿಗಿಂತ ಹೆಚ್ಚಿನ ಭಾರವನ್ನು ಹೊರಿಸಿವೆ. ಇಮಾಟಿನಿಬ್ ಮಾತ್ರೆಯನ್ನು ಮನೆಯಲ್ಲಿಯೇ, ಪ್ರತಿದಿನವೂ, ವರ್ಷಗಟ್ಟಲೆ ನುಂಗಬೇಕು. ಪದೇ ಪದೇ ತಪ್ಪಿದರೆ ಗುಣವು ಕುಂದುತ್ತದೆ. ಮೈಗೆ ಸುಖವೆನಿಸಿದೊಡನೆ, “ಗಂಟು ಕರಗಿತು, ಇನ್ನು ಮಾತ್ರೆಯೇಕೆ?” ಎಂದು ಹಿರಿಯರು ಕೇಳಿದರೆ, ಸುಳ್ಳು ಹೇಳಿದ ಮಗನು ಯಾವ ಉತ್ತರ ಕೊಟ್ಟಾನು? ಅಯೋಡಿನ್ ಚಿಕಿತ್ಸೆಯನ್ನು ಹೆಚ್ಚಿನ ಪ್ರಮಾಣದಲ್ಲಿ ಪಡೆದವರು ಕೆಲವು ದಿನ ಎಳೆಯ ಮಕ್ಕಳಿಂದಲೂ ಗರ್ಭಿಣಿಯರಿಂದಲೂ ದೂರವಿರಬೇಕು. ಕಾರಣ ಗೊತ್ತಿದ್ದವರಿಗೆ ಅದು ವ್ರತದಂತೆ ಕಳೆದೀತು. ಗೊತ್ತಿಲ್ಲದ ಅಜ್ಜಿಗೆ ಮೊಮ್ಮಗುವನ್ನು ಕೈಗೆ ಕೊಡದ ಸೊಸೆಯ ನಡತೆಯು ತಿರಸ್ಕಾರವಾಗಿಯೇ ಕಂಡೀತು.

ಧನದ ವಿಚಾರವೂ ಇದರಲ್ಲಿ ಸೇರಿದೆ. ಇಮಾಟಿನಿಬ್‌ನ ಒಂದು ಹೊಸ ರೂಪಕ್ಕೆ ಪೇಟೆಂಟ್ ಸಲ್ಲದೆಂದು ನಮ್ಮ ಸರ್ವೋಚ್ಚ ನ್ಯಾಯಾಲಯವು 2013ರ ಏಪ್ರಿಲ್ 1ರಂದು ತೀರ್ಪಿತ್ತುದರಿಂದ, ದೇಶೀಯ ತಯಾರಕರ ಅಗ್ಗದ ಮಾತ್ರೆಗೆ ತಡೆಯುಂಟಾಗಲಿಲ್ಲ. ಆದರೆ ಎಲ್ಲ ಹೊಸ ಔಷಧಗಳೂ ಹಾಗಿಲ್ಲ. ಕಬಿನಿಯ ನಾಲೆಯ ಕೆಳಗಿನ ಎರಡೆಕರೆ ಗದ್ದೆಯನ್ನು ಮಾರಿ ಚಿಕಿತ್ಸೆ ಮಾಡಿಸಬೇಕಾದ ಪ್ರಸಂಗವನ್ನು ಭಾವಿಸಿರಿ. ಆ ಗದ್ದೆ ಯಾರದು? ಬಹುಮಟ್ಟಿಗೆ ಆ ರೋಗಿಯದೇ. ಅದನ್ನು ಮಾರಿ ಚಿಕಿತ್ಸೆ ಪಡೆಯುವುದೋ, ಸುಲಭವಾದ ಚಿಕಿತ್ಸೆಯಿಂದ ತೃಪ್ತರಾಗುವುದೋ, ಮಗಳಿಗೆಂದು ಬರೆದಿಡುವುದೋ ಎಂಬ ನಿರ್ಣಯವು ಅವರಿಗೆ ಸೇರಿದುದು. ಸತ್ಯವನ್ನು ಮುಚ್ಚಿದವರು ಅವರ ಪರವಾಗಿ ಆ ನಿರ್ಣಯವನ್ನೂ ಕಸಿದುಕೊಂಡಂತಾಯಿತು. ಕ್ಷೇತ್ರದರ್ಶನವೋ, ಮುನಿದ ತಮ್ಮನೊಡನೆ ರಾಜಿಯೋ, ಇಂತಹ ಉಳಿದ ಬಯಕೆಗಳಿಗೂ ಇದೇ ನ್ಯಾಯ.

ಹೇಳಿದರೆ ಎದೆಯೊಡೆದು ಸಾಯುವರೆಂಬ ಭಯವೊಂದಿದೆ. ಆ ಭಯವನ್ನು ಹಗುರವಾಗಿ ಕಾಣಲಾಗದು. ಆದರೆ ರೋಗಿಯು ನಿಜವಾಗಿಯೂ ಅರಿಯದಿರುತ್ತಾನೆಯೆ? ಆಸ್ಪತ್ರೆಯ ಫಲಕವನ್ನು ಓದುತ್ತಾನೆ, ಪಕ್ಕದ ಹಾಸಿಗೆಯವನ ಮಾತನ್ನು ಕೇಳುತ್ತಾನೆ, ತಾನು ಬಂದೊಡನೆ ನಿಂತುಹೋಗುವ ಪಿಸುಮಾತುಗಳನ್ನು ಗಮನಿಸುತ್ತಾನೆ. ಅರಿತೂ ಅರಿಯದವನಂತೆ ಮಕ್ಕಳಿಗಾಗಿ ನಟಿಸುತ್ತಾನೆ. ಹೀಗೆ ಪರಸ್ಪರ ಪ್ರೀತಿಯುಳ್ಳವರು ಒಂದೇ ಮನೆಯಲ್ಲಿ ಬೇರೆ ಬೇರೆಯಾಗಿ ಅಳುತ್ತಾರೆ. ನಮ್ಮ ಕ್ಷೇತ್ರದ ನಂಜುಂಡನು ನಂಜನ್ನು ನಂಜೆಂದು ತಿಳಿದೇ ಧರಿಸಿದನೆಂಬುದನ್ನು ಇಲ್ಲಿ ಸ್ಮರಿಸಬಹುದು. ತಿಳಿದು ತಾಳಿಕೊಳ್ಳುವ ಶಕ್ತಿಯು ನಮ್ಮ ಹಿರಿಯರಲ್ಲಿ ನಾವೆಣಿಸಿದುದಕ್ಕಿಂತ ಹೆಚ್ಚಾಗಿದೆ.

ಸತ್ಯವನ್ನು ಹೇಳುವುದೆಂದರೆ ಮರಣವನ್ನು ಸಾರುವುದಲ್ಲ. ಯಂತ್ರದ ಚುಕ್ಕೆಗಳೆಲ್ಲವೂ ಅರ್ಬುದವಲ್ಲ. ಮಿದುಳೂ ಹೃದಯವೂ ಸಹಜವಾಗಿಯೇ ಬೆಳಗುತ್ತವೆ, ಕ್ಷಯದ ಗಂಟೂ ಬೆಳಗುತ್ತದೆ. ಆದುದರಿಂದಲೇ ತುಣುಕನ್ನು ತೆಗೆದು ಪರೀಕ್ಷಿಸಬೇಕಾಗುತ್ತದೆ. ರೋಗವಿರುವ ಎಡೆಯನ್ನು ತೋರಿಸುವ ಚಿತ್ರವು ಉಳಿದಿರುವ ದಿನಗಳನ್ನು ಎಣಿಸಿಕೊಡುವುದಿಲ್ಲ. ತಿಳಿದುದನ್ನು ತಿಳಿದಷ್ಟೇ, ತಿಳಿಯದುದನ್ನು ತಿಳಿಯದೆಂದೇ ಹೇಳುವುದು ಸತ್ಯವಚನ.

ಕ್ರಮವು ಹೇಗಿರಬೇಕು? ಮೊದಲು ಕೇಳಬೇಕು: “ಅಪ್ಪಾ, ಪರೀಕ್ಷೆಯ ಫಲ ಬಂದಿದೆ, ಎಲ್ಲವನ್ನೂ ನೀವೇ ತಿಳಿಯಬಯಸುವಿರೋ, ನಾವು ನೋಡಿಕೊಳ್ಳಲೋ?” ತಿಳಿಯಲೊಲ್ಲೆನೆಂದರೆ ಆ ಇಚ್ಛೆಯನ್ನು ಮನ್ನಿಸತಕ್ಕದ್ದು, ಅದೂ ಅವರ ಅಧಿಕಾರವೇ. ಕೇಳಬಯಸಿದರೆ ಒಂದೇ ದಿನದಲ್ಲಿ ಎಲ್ಲವನ್ನೂ ಸುರಿಯದೆ, ವೈದ್ಯರನ್ನು ಜೊತೆಗಿಟ್ಟುಕೊಂಡು, ವ್ಯಾಧಿಯ ಹೆಸರಿನೊಡನೆ ಅದಕ್ಕಿರುವ ಉಪಾಯವನ್ನೂ ಹೇಳತಕ್ಕದ್ದು. ಹೇಳಿದ ಮೇಲೆ ಎದ್ದುಹೋಗದೆ ಅವರ ಬಳಿಯಲ್ಲಿಯೇ ಕುಳಿತಿರತಕ್ಕದ್ದು.