‘ಕಾಯಕವೇ ಕೈಲಾಸ’ : ಮಾತಿನ ಮೂಲ, ಮಾತಿನ ಮರ್ಮ

ಬಹುಕಾಲ ಕೈಯಿಂದ ಕೈಗೆ ಸಾಗಿದ ನಾಣ್ಯದ ಅಕ್ಷರಗಳು ಮಾಸುವಂತೆ, ಬಾಯಿಂದ ಬಾಯಿಗೆ ಬಂದ ಮಾತಿನ ಅರ್ಥವೂ ಮಾಸುವುದುಂಟು. ‘ಕಾಯಕವೇ ಕೈಲಾಸ’ ಎಂಬ ನುಡಿಗೆ ಹೀಗೆಯೇ ಆಗಿದೆ. ಬೀದರ, ಭಾಲ್ಕಿ, ಔರಾದಗಳ ಸೀಮೆಯಲ್ಲಿ ಇದನ್ನು ಕೇಳದವರು ವಿರಳ. ಆದರೆ ಅನೇಕರು ‘ಬಿಡುವಿಲ್ಲದೆ ದುಡಿ’ ಎಂಬಷ್ಟೇ ಅರ್ಥವನ್ನು ಗ್ರಹಿಸುತ್ತಾರೆ. ದುಡಿಸಿಕೊಳ್ಳುವವನು ದುಡಿಯುವವನಿಗೆ ಹೇಳುವ ಬುದ್ಧಿವಾದವಾಗಿಯೂ ಇದು ಬಳಕೆಯಾಗುತ್ತಿದೆ.

ಈ ನುಡಿಯನ್ನು ಬಸವಣ್ಣನವರದೆಂದು ಹೇಳುವುದು ರೂಢಿ. ತತ್ತ್ವವು ಅವರದೇ ಅಹುದು. ನುಡಿ ಕಂಡುಬರುವುದು ಆಯ್ದಕ್ಕಿ ಮಾರಯ್ಯನ ವಚನದಲ್ಲಿ. ಕಾಯಕದಲ್ಲಿ ತೊಡಗಿದವನಿಗೆ ಗುರುದರ್ಶನವಾಗಲಿ ಲಿಂಗಪೂಜೆಯಾಗಲಿ ಅದಕ್ಕಿಂತ ಮಿಗಿಲಲ್ಲವೆಂಬುದು ಅಲ್ಲಿಯ ಅಭಿಪ್ರಾಯ. ಕಾಯದಿಂದ ಮಾಡುವುದು ಕಾಯಕ. ಶಿವನಿರುವ ಸ್ಥಾನ ಕೈಲಾಸ. ಸತ್ತ ಮೇಲೆ ಸೇರಬೇಕೆಂದು ಜನರು ಹಂಬಲಿಸುವ ಠಾವನ್ನು ಶರಣನು ತನ್ನ ಬೆವರಿನಲ್ಲಿಯೇ ಕಂಡನು.

ಆದರೆ ಎಂತಹ ದುಡಿಮೆ ಕೈಲಾಸವಾದೀತು? ಇದಕ್ಕೆ ಉತ್ತರ ಶೂನ್ಯಸಂಪಾದನೆಯಲ್ಲಿ ಬರುವ ಮಾರಯ್ಯನ ಪ್ರಸಂಗದಲ್ಲಿದೆ. ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ, ಇಂದಿನ ಬಸವಕಲ್ಯಾಣದಲ್ಲಿ, ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ಜಂಗಮದಾಸೋಹ ನಡೆಸುವುದು ಅವನ ಕಾಯಕ. ಒಂದು ದಿನ ಅವನು ಎಂದಿಗಿಂತ ಹೆಚ್ಚು ಅಕ್ಕಿಯನ್ನು ತಂದನು. ಸತಿ ಲಕ್ಕಮ್ಮನು ಹಿಗ್ಗಲಿಲ್ಲ. ಅಂದಿನ ಅಗತ್ಯಕ್ಕೆ ಮಿಕ್ಕಿದ್ದು ಆಸೆಯ ಫಲವೆಂದು ಎಚ್ಚರಿಸಿ, ಹೆಚ್ಚಾದುದನ್ನು ಇದ್ದಲ್ಲಿಯೇ ಸುರಿದು ಬರುವಂತೆ ಹೇಳಿದಳು. ಪತಿಯು ಮರುಮಾತಾಡದೆ ಹಾಗೆಯೇ ಮಾಡಿದನು.

ಹೀಗೆ, ಆ ನುಡಿಯನ್ನಾಡಿದ ಶರಣನ ಮನೆಯಲ್ಲಿಯೇ ಅದಕ್ಕೆ ಮೇರೆಯೂ ದೊರೆಯಿತು. ದುಡಿದು ತರುವುದು ಅರ್ಧ ಮಾತ್ರ. ಸಾಕೆನ್ನುವುದೂ ಹಂಚಿ ಉಣ್ಣುವುದೂ ಉಳಿದರ್ಧ. ದಾಸೋಹವಿಲ್ಲದ ದುಡಿಮೆ ಗಳಿಕೆಯಾದೀತು, ಕಾಯಕವಾಗದು.

ರೈತನ ಮನೆಯಲ್ಲಿ ಈ ಮಾತು ಪರೀಕ್ಷೆಗೆ ಬರುವುದು ಸುಗ್ಗಿಯಲ್ಲಿ. ಹೊಲದಲ್ಲಿ ಉಳಿದ ಹಕ್ಕಲನ್ನು ಬಡವರು ಆಯ್ದುಕೊಳ್ಳಲು ಬಿಡುವವನೂ ಅವರನ್ನು ಗದರಿಸಿ ಅಟ್ಟುವವನೂ ಒಂದೇ ಲಿಂಗವನ್ನು ಕಟ್ಟಿಕೊಂಡಿರಬಹುದು. ಆಯ್ದ ಕಾಳಿನಿಂದಲೇ ದಾಸೋಹ ನಡೆಸಿದವನ ನೆನಪುಳ್ಳ ಭಕ್ತನು ಅಟ್ಟಲಾರನು. ಕೊಳಾರದ ಕೈಗಾರಿಕಾ ಪ್ರದೇಶದಲ್ಲಿ ಪಾಳಿಯ ಮೇಲೆ ದುಡಿಯುವ ಕಾರ್ಮಿಕನ ಬೆವರಿಗೂ ಇದೇ ನ್ಯಾಯ. ಅವನಿಗೆ ಸಲ್ಲಬೇಕಾದ ಕೂಲಿಯನ್ನು ತಡೆದಿಟ್ಟು, ಗೋಡೆಯ ಮೇಲೆ ‘ಕಾಯಕವೇ ಕೈಲಾಸ’ವೆಂದು ಬರೆಸಿದರೆ ಅದು ಮಾರಯ್ಯನ ಮಾತಾಗಲಾರದು. ಅಲ್ಲಿ ತನ್ನದಲ್ಲದ ಅಕ್ಕಿ ಒಡೆಯನ ಉಡಿಯಲ್ಲಿ ಉಳಿದಿದೆ.

ಸದ್ಭಕ್ತರು ಸಂಜೆ ಲಿಂಗಪೂಜೆಗೆ ಕುಳಿತುಕೊಳ್ಳುವ ಮುನ್ನ ಅಂದಿನ ಗಳಿಕೆಯನ್ನೊಮ್ಮೆ ನೋಡಿಕೊಳ್ಳಲಿ. ಅದರಲ್ಲಿ ಪರರ ಪಾಲು ಸೇರಿದ್ದರೆ, ಕೊಟ್ಟು ಬಂದು ಪೂಜೆಗೆ ಕುಳಿತುಕೊಳ್ಳಲಿ. ಲಕ್ಕಮ್ಮನು ತನ್ನ ಪತಿಗೆ ತೋರಿದ ದಾರಿ ಇದೇ.