ಗೊತ್ತಿದ್ದ ಮುಖ, ಗೊತ್ತಿಲ್ಲದ ರಾಜ

ಹೋದ ಬೇಸಿಗೆಯಲ್ಲಿ ಮಧುಗಿರಿ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ‘ಕುರುಕ್ಷೇತ್ರ’ ನಾಟಕ ನೋಡಿದೆ. ಹುಣಸೆ ಬಡಿದು, ಹಣ್ಣು ಕುಟ್ಟಿ ಮಾರಿ, ಜನ ಕೈಯಲ್ಲಿ ನಾಲ್ಕು ಕಾಸು ಕಂಡಿದ್ದ ಕಾಲ. ಕರಪತ್ರದಲ್ಲಿ ರಾತ್ರಿ ಒಂಬತ್ತು ಎಂದಿದ್ದರೂ ಗಣಪತಿ ಪೂಜೆ, ಹಾರ ತುರಾಯಿ, ದೊಡ್ಡವರ ಮಾತು ಎಲ್ಲ ಮುಗಿದು ಪರದೆ ಏಳುವಾಗ ಹತ್ತೂವರೆ. ಊರ ಮುಂದಿನ ಬಯಲಲ್ಲಿ ಚಾಪೆ, ಗೋಣಿತಾಟು, ಕಂಬಳಿ ಹಾಸಿಕೊಂಡು ಕೂತಿದ್ದೆವು. ನನ್ನ ಪಕ್ಕದಲ್ಲಿ ಎಲೆ ಅಡಿಕೆ ಚೀಲವನ್ನು ಮಡಿಲಲ್ಲಿಟ್ಟುಕೊಂಡ ಒಬ್ಬ ಅಜ್ಜಿ, ಅವರ ತೊಡೆಗೆ ಒರಗಿದ ಏಳೆಂಟು ವರ್ಷದ ಮೊಮ್ಮಗ. ದರ್ಬಾರು ಪರದೆಯ ಮುಂದೆ ಜರಿ ಪೋಷಾಕು ತೊಟ್ಟು, ಭುಜದ ಮೇಲೆ ಗದೆ ಹೊತ್ತು ದುರ್ಯೋಧನ ಬಂದ. ಹುಡುಗ ಒಮ್ಮೆಗೇ ಎದ್ದು ಕೂತ.

“ಅಜ್ಜಿ, ಇದು ನಮ್ ಅಂಗಡಿ ಮಾವ ಅಲ್ವಾ?”

“ಸುಮ್ಕಿರೊ ಮಗ. ದುರ್ಯೋಧನ ಬಂದವ್ನೆ.”

ಆ ಎರಡು ಮಾತು ನನ್ನನ್ನು ಇವತ್ತಿಗೂ ಬಿಟ್ಟಿಲ್ಲ. ಹುಡುಗ ಹೇಳಿದ್ದು ನಿಜ, ಅಜ್ಜಿ ಹೇಳಿದ್ದೂ ನಿಜ. ಅವನು ಅಂಗಡಿಯವನೆಂಬುದು ಅಜ್ಜಿಗೆ ಹುಡುಗನಿಗಿಂತ ಚೆನ್ನಾಗಿ ಗೊತ್ತು. ಅವನು ಹುಟ್ಟಿದ ಮನೆ, ಅವನಪ್ಪ ಮಾಡಿದ ಸಾಲ, ಅವನ ಮದುವೆಯ ಊಟ ಎಲ್ಲ ಕಂಡವರು. ಅಷ್ಟು ಗೊತ್ತಿದ್ದೂ ಆ ಹೊತ್ತಿಗೆ ಅವರ ಕಣ್ಣಿಗೆ ಹಸ್ತಿನಾವತಿಯ ದೊರೆಯೇ ಬಂದಿದ್ದ.

ನಮ್ಮ ಕಡೆಯ ಪೌರಾಣಿಕ ನಾಟಕದಲ್ಲಿ ಮುಚ್ಚಿಟ್ಟದ್ದು ಏನೂ ಇಲ್ಲ. ಮೂರು ನಾಲ್ಕು ತಿಂಗಳ ತಾಲೀಮು ನಡೆಯುವುದೇ ಊರ ನಡುವಿನ ದೇವಸ್ಥಾನದಲ್ಲೋ ಶಾಲೆಯ ಜಗುಲಿಯಲ್ಲೋ. ಹಾರ್ಮೋನಿಯಂ ಮೇಷ್ಟ್ರು ಬೇರೆ ಊರಿಂದ ಬಂದು, ಊರಲ್ಲೇ ಉಂಡು ಮಲಗಿ, ಓದು ಬಾರದವನಿಗೆ ಬಾಯಲ್ಲಿ ಹೇಳಿಕೊಟ್ಟು ಪದ್ಯ ಕಲಿಸುತ್ತಾರೆ. ಯಾರು ಎಲ್ಲಿ ತಪ್ಪಿದರು, ಮೇಷ್ಟ್ರು ಯಾರಿಗೆ ಬೈದರು ಎಂಬುದು ಮರುದಿನ ನೀರಿನ ಟ್ಯಾಂಕಿನ ಹತ್ತಿರ ಗೊತ್ತಾಗಿರುತ್ತದೆ. ಪಾತ್ರಕ್ಕೆ ಇಂತಿಷ್ಟು ಎಂದು ಪಾತ್ರಧಾರಿಯೇ ದುಡ್ಡು ಕಟ್ಟುತ್ತಾನೆ. ದುರ್ಯೋಧನ, ಕೃಷ್ಣ, ಕರ್ಣ ದುಬಾರಿ. ಸಣ್ಣ ಪಾತ್ರಕ್ಕೆ ಕಡಿಮೆ. ಆ ದುಡ್ಡಿಗಾಗಿ ಕುರಿ ಮಾರಿದ್ದು ಯಾರು, ಹೆಂಡತಿಯ ಮಾತು ಕೇಳಿಸಿಕೊಂಡದ್ದು ಯಾರು ಎಂಬುದೂ ಗುಟ್ಟಲ್ಲ. ಡ್ರಾಮಾ ಸೀನರಿ ಬಾಡಿಗೆಯದು, ದ್ರೌಪದಿ ಕುಂತಿಯರು ಆ ರಾತ್ರಿಗೆಂದು ಸಂಭಾವನೆ ಪಡೆದು ಬಂದ ಕಲಾವಿದೆಯರು. ಇನ್ನು ಕಥೆಯೋ, ಕುಳಿತವರಿಗೆಲ್ಲ ಬಾಯಿಪಾಠ. ಅಭಿಮನ್ಯು ಚಕ್ರವ್ಯೂಹದಿಂದ ಹೊರಗೆ ಬರುವುದಿಲ್ಲ ಎಂದು ತೊಡೆಯ ಮೇಲಿನ ಆ ಹುಡುಗನಿಗೂ ಗೊತ್ತು. ಹೀಗೆ ಎಲ್ಲವೂ ಗೊತ್ತಿರುವಲ್ಲಿ ಬೆರಗು ಎಲ್ಲಿಂದ ಬರುತ್ತದೆ?

ಕಣ್ಕಟ್ಟಿನವನು ಖಾಲಿ ಬುಟ್ಟಿಯಿಂದ ಪಾರಿವಾಳ ತೆಗೆದಾಗ ನಮಗಾಗುವುದು ಗೊತ್ತಿಲ್ಲದ್ದರ ಬೆರಗು. ಗುಟ್ಟು ತಿಳಿದ ದಿನ ಅದು ಮುಗಿಯಿತು. ನಮ್ಮದೇ ಜಿಲ್ಲೆಯ ಗುಬ್ಬಿಯಲ್ಲಿ 1884ರಲ್ಲಿ ಹುಟ್ಟಿದ ನಾಟಕ ಕಂಪನಿ, ಗುಬ್ಬಿ ವೀರಣ್ಣನವರ ಕಾಲಕ್ಕೆ ಬಂದಾಗ, 1934ರಲ್ಲಿ ‘ಕುರುಕ್ಷೇತ್ರ’ಕ್ಕೆ ಜೀವಂತ ಆನೆ ಕುದುರೆಗಳನ್ನೇ ರಂಗದ ಮೇಲೆ ತಂದಿತು. ನೋಡಿದವರು ಮಕ್ಕಳಿಗೆ ಹೇಳಿ, ಮಕ್ಕಳು ಮೊಮ್ಮಕ್ಕಳಿಗೆ ಹೇಳಿ, ಆ ಆನೆ ನಮ್ಮ ಸೀಮೆಯಲ್ಲಿ ಇನ್ನೂ ನಡೆಯುತ್ತಿದೆ. ಅದರ ಮೇಲೆ ನನಗೆ ಗೌರವವಿದೆ. ಆದರೂ ಹೇಳುತ್ತೇನೆ, ಆನೆ ಆನೆಯಾಗಿಯೇ ಬಂದು ಆನೆಯಾಗಿಯೇ ಹೋಯಿತು. ಬೆಳಿಗ್ಗೆ ಬೆಲ್ಲ ತೂಗಿಕೊಟ್ಟವನು ರಾತ್ರಿ ಹನ್ನೊಂದು ಅಕ್ಷೋಹಿಣಿಗೆ ಒಡೆಯನಾಗುವುದು ಅದಕ್ಕಿಂತ ದೊಡ್ಡದು.

ಅವನು ಹಾಡಿದ ಕಂದಪದ್ಯವನ್ನೇ ನೋಡಿ. ಕಂದವೆಂದರೆ ನಾಲ್ಕು ಸಾಲು: ಒಂದು ಮೂರರಲ್ಲಿ ಹನ್ನೆರಡು ಹನ್ನೆರಡು ಮಾತ್ರೆ, ಎರಡು ನಾಲ್ಕರಲ್ಲಿ ಇಪ್ಪತ್ತಿಪ್ಪತ್ತು, ಒಟ್ಟು ಅರವತ್ತನಾಲ್ಕು. ಪಂಪ ರನ್ನರು ಕೈಯಾಡಿಸಿದ ಅಳತೆ. ಕಾಲೇಜಿನಲ್ಲಿ ನಾವು ಅದಕ್ಕೆ ಪ್ರಸ್ತಾರ ಹಾಕಿ ಅಂಕ ತೆಗೆದುಕೊಂಡು ಮರೆತೆವು. ಇವನು ಏಳನೇ ಕ್ಲಾಸಿಗೆ ಶಾಲೆ ಬಿಟ್ಟವನು. ಮೇಷ್ಟ್ರು ಕಾಲು ಹಾರ್ಮೋನಿಯಂ ತುಳಿದು ಶ್ರುತಿ ಹಿಡಿದರು, ತಬಲದವರು ಕೈ ಎತ್ತಿ ಸುಮ್ಮನಾದರು. ಇವನು ಕೊನೆಯ ಪದವನ್ನು ಬಿಡದೆ ಎಳೆದು ಎಳೆದು ಮೇಲೆ ಹತ್ತಿಸಿದ. ಇಷ್ಟೇ ಇರಬೇಕು ಎಂದುಕೊಂಡ ಕಡೆಯಿಂದ ಇನ್ನೊಂದು ಮೆಟ್ಟಿಲು ಹತ್ತಿದ. ಬಯಲಿಗೆ ಬಯಲೇ ಕತ್ತೆತ್ತಿತು. ಆ ದನಿ ಇಳಿದು ತಬಲದ ಪೆಟ್ಟಿಗೆ ಸರಿಯಾಗಿ ಬಂದು ಬಿದ್ದಾಗ ಎದ್ದದ್ದು ಚಪ್ಪಾಳೆ ಮಾತ್ರವಲ್ಲ, ನಿಟ್ಟುಸಿರು. ಎಲ್ಲರೂ ಅವನ ಜೊತೆಗೇ ಉಸಿರು ಕಟ್ಟಿದ್ದರು.

ಹಿಂದೆಯೇ ‘ಒನ್ಸ್ ಮೋರ್’. ಪೇಟೆಯಿಂದ ಬಂದ ಕೆಲವರಿಗೆ ಇದು ರಸಭಂಗವಾಗಿ ಕಾಣುತ್ತದೆ. ನನಗೂ ಬಹಳ ವರ್ಷ ಹಾಗೇ ಕಂಡಿತ್ತು. ಆ ರಾತ್ರಿ ಎರಡು ಗಂಟೆಯ ಮೇಲೆ ಅಭಿಮನ್ಯು ಬಿದ್ದ. ಬಿದ್ದಲ್ಲೇ ತಲೆಯೆತ್ತಿ ತಾಯಿಯನ್ನು ನೆನೆದು ಹಾಡಿ ಕಣ್ಣು ಮುಚ್ಚಿದ. ಅಜ್ಜಿ ಸೆರಗಿನಲ್ಲಿ ಕಣ್ಣೊರೆಸಿಕೊಂಡರು. ಹಿಂದಿನಿಂದ ಒನ್ಸ್ ಮೋರ್ ಕೂಗು ಬಂತು. ಸತ್ತ ಹುಡುಗ ಎದ್ದು ಕೂತು, ಅದೇ ಹಾಡು ಮತ್ತೆ ಹಾಡಿ, ಮತ್ತೆ ಸತ್ತ. ನಾನು ಅಜ್ಜಿಯ ಕಡೆ ನೋಡಿದೆ. ಅವರು ಮತ್ತೆ ಕಣ್ಣೊರೆಸಿಕೊಳ್ಳುತ್ತಿದ್ದರು, ಮೊದಲಿಗಿಂತ ಹೆಚ್ಚಾಗಿ. ಆಗ ಹೊಳೆಯಿತು: ಇವರು ಬೇಡುತ್ತಿರುವುದು ಹಾಡನ್ನಷ್ಟೇ ಅಲ್ಲ. ಹೋದ ಹುಡುಗ ಒಂದು ಗಳಿಗೆ ತಿರುಗಿ ಬರಲಿ ಎಂದು ಕೂಗುತ್ತಿದ್ದಾರೆ. ಮನೆಯಲ್ಲಿ, ತೋಟದಲ್ಲಿ, ಹೆದ್ದಾರಿಯಲ್ಲಿ ಹೋದವರು ಯಾರೂ ಕೂಗಿದರೆ ತಿರುಗುವುದಿಲ್ಲ. ಇಲ್ಲಿ ತಿರುಗುತ್ತಾರೆ.

ಭರತನ ನಾಟ್ಯಶಾಸ್ತ್ರದಲ್ಲಿ ನಾಟಕ ಗೆದ್ದದ್ದನ್ನು ಗುರುತಿಸುವ ಬಗೆ ಹೇಳುವ ಒಂದು ಅಧ್ಯಾಯವೇ ಇದೆ. ಗೆಲುವು ಎರಡು ಬಗೆ, ಮಾನುಷಿ ಮತ್ತು ದೈವಿ. ಜನ ನಗುವುದು, ಭಲೇ ಎನ್ನುವುದು, ಅಯ್ಯೋ ಎಂದು ಮರುಗುವುದು, ಮೈ ಜುಮ್ಮೆನ್ನುವುದು, ಕೂತಲ್ಲಿಂದ ಏಳುವುದು, ಮೈಮೇಲಿನ ಬಟ್ಟೆಯನ್ನೇ ನಟನ ಕಡೆಗೆ ಎಸೆಯುವುದು ಇವೆಲ್ಲ ಮಾನುಷಿ ಸಿದ್ಧಿ. ಓದಿದಾಗ ನಮ್ಮ ಬಯಲೇ ಕಣ್ಮುಂದೆ ಬಂತು. ಮುಯ್ಯಿ ಹಿಡಿದು ರಂಗ ಹತ್ತುವ ನೆಂಟರು, ಭೀಮನ ಕೊರಳಿಗೆ ನೋಟಿನ ಹಾರ ಹಾಕುವ ಭಾವಮೈದುನ, ಕರ್ಣನ ಬೆರಳಿಗೆ ಉಂಗುರ ತೊಡಿಸುವ ಸೋದರಮಾವ, ಶಿಳ್ಳೆ ಹೊಡೆಯುವ ಹುಡುಗರು. ಎರಡು ಸಾವಿರ ವರ್ಷದ ಹಿಂದೆಯೇ ಯಾರೋ ಇವರನ್ನು ಕಂಡು ಬರೆದಿಟ್ಟಂತಿದೆ. ದೈವಿ ಸಿದ್ಧಿಗೆ ಹೇಳಿದ ಲಕ್ಷಣ ಮಾತ್ರ ಚಿಕ್ಕದು: ರಂಗ ತುಂಬಿರಬೇಕು, ಸದ್ದು ಇರಕೂಡದು, ಯಾವ ಕ್ಷೋಭೆಯೂ ಇರಕೂಡದು. ಅದೇ ಗ್ರಂಥ ಅದ್ಭುತ ರಸಕ್ಕೆ ವಿಸ್ಮಯವನ್ನು ಸ್ಥಾಯಿ ಎಂದಿತು. ಸ್ಥಾಯಿ ಎಂದರೆ ನಿಲ್ಲುವುದು. ಶಿಳ್ಳೆ ಅಡಗಿದ ಮೇಲೂ ಉಳಿಯುವುದು.

ಮಧುಗಿರಿ, ಸಿರಾ, ಪಾವಗಡ, ಕೊರಟಗೆರೆ, ನಮ್ಮ ಈ ನಾಲ್ಕು ತಾಲ್ಲೂಕುಗಳಲ್ಲಿ ಆ ವಿಸ್ಮಯ ಒಂದೊಂದು ಕಡೆ ಒಂದೊಂದು ದನಿಯಲ್ಲಿ ನಿಂತಿದೆ. ಸಿರಾ ಕಡೆ ಕಾಡುಗೊಲ್ಲರು ಉದ್ದನೆಯ ಬಿದಿರಿನ ಗಣೆ ಊದಿ ಜುಂಜಪ್ಪನ ಕಥೆ ಹಾಡುತ್ತಾರೆ. ಅಲ್ಲಿ ಪರದೆಯಿಲ್ಲ, ಪೋಷಾಕಿಲ್ಲ. ಕೇಳುವವರ ಒಳಗೇ ಹಟ್ಟಿ, ದನ, ಕಾಡು ಎದ್ದು ನಿಲ್ಲಬೇಕು. ಪಾವಗಡದ ಸುತ್ತ ಬಹುಪಾಲು ಆಂಧ್ರವೇ. ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ ಆಡಿ ಬೆಳೆದವರ ಊರುಗಳು. ಅಲ್ಲಿನವರ ಕಿವಿಗೆ ತಿರುಪತಿ ವೆಂಕಟ ಕವಿಗಳ ತೆಲುಗು ಭಾರತ ನಾಟಕದ ಪದ್ಯಗಳೂ ಹೊಸತಲ್ಲ. ಉತ್ಪಲಮಾಲೆಗೆ ಕನ್ನಡದಲ್ಲೂ ಸಾಲಿಗೆ ಇಪ್ಪತ್ತು ಅಕ್ಷರ, ತೆಲುಗಿನಲ್ಲೂ ಇಪ್ಪತ್ತೇ. ಗಡಿಕಲ್ಲು ನೆಡುವ ಮೊದಲೇ ಆ ಅಳತೆ ಎರಡೂ ಕಡೆ ಓಡಾಡಿಕೊಂಡಿತ್ತು. ಪಾವಗಡದಲ್ಲಿ ಶನಿಮಹಾತ್ಮನ ಗುಡಿಯಿದೆ; ಊರೂರಲ್ಲಿ ಆಡುವ ‘ಶನಿಪ್ರಭಾವ’ದಲ್ಲಿ ರಾಜಾ ವಿಕ್ರಮ ಕಷ್ಟಪಡುವಾಗ ಕೈ ಮುಗಿದು ಕೂತವರನ್ನು ಕೊರಟಗೆರೆ ಕಡೆಯಲ್ಲೂ ಕಂಡಿದ್ದೇನೆ. ಅವರಿಗೆ ನಾಟಕ ಯಾವುದು, ಪೂಜೆ ಯಾವುದು ಎಂದು ಗೆರೆ ಎಳೆದು ತೋರಿಸಲು ನನಗೆ ಮನಸ್ಸಾಗಲಿಲ್ಲ.

ಮತ್ತೆ ಆ ರಾತ್ರಿಗೆ ಬರುತ್ತೇನೆ. ನಾಲ್ಕು ಗಂಟೆಗೆ ಅರ್ಧ ಬಯಲು ಮಲಗಿತ್ತು. ಹುಡುಗ ಯಾವಾಗಲೋ ನಿದ್ದೆ ಹೋಗಿದ್ದ. ಐದೂವರೆ ದಾಟಿದಾಗ ಗದಾಯುದ್ಧ. ಯಾರು ಎಬ್ಬಿಸಿದರೋ, ಮಲಗಿದ್ದವರೆಲ್ಲ ಒಬ್ಬೊಬ್ಬರಾಗಿ ಎದ್ದು ಕೂತರು. ಭೀಮ ತೊಡೆಗೆ ಹೊಡೆದ. ದುರ್ಯೋಧನ ಬಿದ್ದ. ಭೀಮನ ಪಾಲಿಗೆ ಚಪ್ಪಾಳೆ ಬೀಳಬೇಕಿತ್ತು, ಬೀಳಲಿಲ್ಲ. ಪಂಪ 941ರಲ್ಲಿ ಭಾರತ ಬರೆದು ಮುಗಿಸುವಾಗ ಛಲಕ್ಕೆ ದುರ್ಯೋಧನನ ಹೆಸರನ್ನೇ ಎತ್ತಿ ಹೇಳಿದ. ರನ್ನ ಭೀಮನನ್ನು ನಾಯಕನಾಗಿಟ್ಟು ಗದಾಯುದ್ಧ ಬರೆದರೂ ಓದಿದವರ ಎದೆ ತೋಯುವುದು ಬಿದ್ದವನಿಗಾಗಿ. ಈ ಬಯಲಲ್ಲಿ ಕೂತವರಲ್ಲಿ ಅವರಿಬ್ಬರನ್ನು ಓದಿದವರು ಎಷ್ಟು ಜನವೋ. ಆದರೂ ಸಾವಿರ ವರ್ಷದ ಹಿಂದಿನ ಆ ಮರುಕ ದಾರಿ ತಪ್ಪದೆ ಇಲ್ಲಿಗೆ ಬಂದು ತಲುಪಿತ್ತು. ಕೆಟ್ಟವನೆಂದು ಗೊತ್ತಿದ್ದೂ ಅವನಿಗಾಗಿ ಸುಮ್ಮನಾದರು.

ಅಷ್ಟು ಹೊತ್ತಿಗೆ ಬೆಳಕು ಹರಿದಿತ್ತು. ಸೀನರಿಯ ಹಿಂದೆ, ರಾತ್ರಿಯಿಡೀ ಇಲ್ಲದಂತೆ ಇದ್ದ ಮಧುಗಿರಿಯ ಏಕಶಿಲೆ ಬೆಟ್ಟ ದೂರದಲ್ಲಿ ಬೂದು ಬಣ್ಣಕ್ಕೆ ಕಾಣಿಸಿಕೊಂಡಿತು. ಬಣ್ಣದ ದೀಪಗಳು ಸಪ್ಪೆಯಾದವು. ಹಗಲ ಬೆಳಕಿನಲ್ಲಿ ಪರದೆಯ ಹೊಲಿಗೆ, ಕಿರೀಟದ ರಟ್ಟು, ಬೆವರಿಗೆ ಇಳಿದ ಬಣ್ಣ ಎಲ್ಲ ಕಂಡವು. ಅಂಗಡಿಯವನ ಮುಖವೂ ಕಂಡಿತು. ಆದರೂ ಯಾರೂ ಕದಲಲಿಲ್ಲ. ಮೇಷ್ಟ್ರು ಕಾಲು ನಿಲ್ಲಿಸಿದ್ದರು. ತಿಪ್ಪೆಯ ಕಡೆಯಿಂದ ಒಂದು ಕೋಳಿ ಕೂಗಿತು. ಆಗಲೂ ಯಾರೂ ಕದಲಲಿಲ್ಲ.

ಮಂಗಳ ಹಾಡಿ ಎಲ್ಲ ಮುಗಿದ ಮೇಲೆ ಬಸ್ಸಿಗೆ ಇನ್ನೂ ಹೊತ್ತಿತ್ತು. ಎಂಟು ಗಂಟೆಗೆ ಅಂಗಡಿಯ ಬಾಗಿಲು ಅರ್ಧ ತೆರೆಯಿತು. ಅವನ ಕಿವಿಯ ಹಿಂದೆ ಕೆಂಪು ಬಣ್ಣ ಹಾಗೇ ಇತ್ತು, ದನಿ ಒಡೆದು ಹೋಗಿತ್ತು. ಅಜ್ಜಿ ಮೊಮ್ಮಗನ ಕೈ ಹಿಡಿದು ಕಾಫಿಪುಡಿಗೆ ಬಂದರು. ವರ್ಷವಿಡೀ ಅವನನ್ನು ‘ಲೋ’ ಎಂದೇ ಕೂಗುವವರು ಅವರು. ಪೊಟ್ಟಣ ಈಸಿಕೊಂಡು, ದುಡ್ಡನ್ನು ಎರಡು ಕೈಯಲ್ಲಿ ಹಿಡಿದು ಕೊಟ್ಟರು.

“ಚೆನ್ನಾಗ್ ಸತ್ರಿ ಕಣಪ್ಪಾ,” ಎಂದರು.

ಅವನು ತಕ್ಕಡಿ ಕೆಳಗಿಟ್ಟು ಕೈ ಮುಗಿದ. ಹುಡುಗ ಒಮ್ಮೆ ಅಜ್ಜಿಯನ್ನು, ಒಮ್ಮೆ ಅವನನ್ನು ನೋಡುತ್ತ, ಏನೂ ಕೇಳದೆ ನಿಂತಿದ್ದ.