ಒಂಟಿಕಾಲಲ್ಲಿ ಕಾಯುವುದು

ಶ್ರಾವಣದ ಶನಿವಾರ ಬಂತೆಂದರೆ ರಾಯದುರ್ಗ, ಬಳ್ಳಾರಿ ಸೀಮೆಯ ಜನ ನೇಮಕಲ್ಲಿನ ದಾರಿ ಹಿಡಿಯುತ್ತಾರೆ. ಕಸಾಪುರದ ನೆಟ್ಟಿಕಂಟಿ, ನೇಮಕಲ್ಲು, ಮುರಡಿ, ಈ ಮೂರೂ ಕಡೆಯ ಆಂಜನೇಯನನ್ನು ಒಂದೇ ದಿನ ಕಂಡುಬರಬೇಕೆಂಬುದು ನಂಬಿಕೆ. 1953ರಲ್ಲಿ ರಾಯದುರ್ಗ ತಾಲ್ಲೂಕು ಬಳ್ಳಾರಿ ಜಿಲ್ಲೆಯನ್ನು ಬಿಟ್ಟು ಆಂಧ್ರಕ್ಕೆ ಸೇರಿತು. ಹನುಮಪ್ಪನಿಗೆ ಹೊತ್ತ ಹರಕೆಗೆ ಆ ಗಡಿ ಇಂದಿಗೂ ಅಡ್ಡ ಬಂದಿಲ್ಲ.

ಮೂವರನ್ನೂ ಪ್ರತಿಷ್ಠಾಪಿಸಿದವರು ವ್ಯಾಸರಾಯರೆಂದು ಹೇಳುತ್ತಾರೆ. ಅವರು ನಿಲ್ಲಿಸಿದ ಹನುಮರು ಒಟ್ಟು 732 ಎಂಬುದು ಪ್ರತೀತಿ. ಕೃಷ್ಣದೇವರಾಯನಿಗೇ ಗುರುವಾಗಿದ್ದವರು ಊರೂರಿಗೆ ಬಂಟನನ್ನೇ ಏಕೆ ತಂದು ನಿಲ್ಲಿಸಿದರು? ಇದನ್ನು ಯೋಚಿಸಿದಾಗಲೆಲ್ಲ ನನ್ನ ಮನಸ್ಸು ವಾಲ್ಮೀಕಿಯ ಕಡಲತೀರಕ್ಕೆ ಹೋಗುತ್ತದೆ.

ಸೀತೆಯನ್ನು ಹುಡುಕಲು ಸುಗ್ರೀವ ಕೊಟ್ಟ ತಿಂಗಳ ಗಡುವು ಮೀರಿದೆ. ಬರಿಗೈಯಲ್ಲಿ ಹಿಂದಿರುಗಿದರೆ ತಲೆ ಉಳಿಯದು. ಸುಗ್ರೀವಾಜ್ಞೆ ಎಂಬ ಮಾತನ್ನು ನಾವು ಇವತ್ತಿಗೂ ಆಡುತ್ತೇವಲ್ಲ. ಕಪಿಗಳು ಒಬ್ಬೊಬ್ಬರಾಗಿ ತಾವು ಹಾರಬಲ್ಲ ದೂರ ಹೇಳುತ್ತಾರೆ. ಹತ್ತು ಯೋಜನ, ಇಪ್ಪತ್ತು ಯೋಜನ. ಮುದುಕ ಜಾಂಬವಂತ ತನ್ನದು ತೊಂಬತ್ತಕ್ಕೇ ಮುಗಿಯಿತು ಎನ್ನುತ್ತಾನೆ. ದಂಡಿನ ನಾಯಕ ಅಂಗದ ಕಡಲಿನ ನೂರು ಯೋಜನವನ್ನೂ ಹಾರಿಯಾನು, ಮರಳುವುದು ಮಾತ್ರ ಸಂದೇಹ. ಅಂಗದನನ್ನು ತಡೆದ ಜಾಂಬವಂತ, ಒಂದು ಬದಿಗೆ ಸುಮ್ಮನೆ ಕೂತಿದ್ದ ಹನುಮನ ಕಡೆ ತಿರುಗುತ್ತಾನೆ. ನೀನೇಕೆ ಮಾತಾಡುತ್ತಿಲ್ಲ ಎಂದು ಕೇಳಿ, ಅವನ ಹುಟ್ಟಿನ ಕಥೆಯನ್ನು ಅವನಿಗೇ ಹೇಳುತ್ತಾನೆ. ಕೇಳುತ್ತ ಕೇಳುತ್ತ ಹನುಮ ಬೆಳೆಯುತ್ತಾನೆ.

ಆ ತೀರದಲ್ಲಿ ನನಗೆ ಹಿರಿಯನಾಗಿ ಕಾಣುವವನು ಜಾಂಬವಂತ. ತನ್ನ ತೊಂಬತ್ತನ್ನು ಮುಚ್ಚುಮರೆಯಿಲ್ಲದೆ ಒಪ್ಪಿಕೊಂಡವನಿಗೆ ಮಾತ್ರ ಇನ್ನೊಬ್ಬನ ನೂರು ಕಂಡೀತು. ವ್ಯಾಸರಾಯರಿಗೂ ಆ ಕಣ್ಣಿತ್ತು ಎಂದು ನನ್ನ ನಂಬಿಕೆ. ಲೇವಾದೇವಿಯ ಮನೆಯಿಂದ ಬಂದನೆನ್ನುವ ಪುರಂದರ, ಕಾಗಿನೆಲೆಯ ಕನಕ, ಇಬ್ಬರನ್ನೂ ಶಿಷ್ಯರೆಂದು ಹತ್ತಿರ ಕರೆದುಕೊಂಡವರು ಅವರು. ಕನಕನ ವಿಷಯದಲ್ಲಿ ಮಠದೊಳಗಿನ ಗೊಣಗಾಟವನ್ನೂ ಅವರು ಸಹಿಸಬೇಕಾಯಿತೆಂದು ಕಥೆಗಳಿವೆ.

ಹೊಲದಲ್ಲಿ ಹೀಗೆ ಇನ್ನೊಬ್ಬನನ್ನು ನಂಬಿ ಕೆಲಸ ಬಿಟ್ಟುಕೊಡುವುದು ಇನ್ನೂ ಕಷ್ಟ. ಈ ಕೆಂಪು ನೆಲದಲ್ಲಿ ಒಂದು ಮಳೆಯ ಹದ ಎರಡು ದಿನ ನಿಂತರೆ ಹೆಚ್ಚು. ಮೊದಲ ಸಲ ಕೂರಿಗೆ ಹಿಡಿದ ಮಗನ ಸಾಲು ಡೊಂಕಾಗುತ್ತದೆ, ಶೇಂಗಾ ಬೀಜ ಒಂದು ಕಡೆ ಒತ್ತಾಗಿ ಇನ್ನೊಂದು ಕಡೆ ತೆಳ್ಳಗೆ ಬೀಳುತ್ತದೆ. "ಬಿಡಪ್ಪಾ, ನಾನೇ ಬಿತ್ತುತೀನಿ" ಎಂಬ ಮಾತು ಅಪ್ಪನ ನಾಲಿಗೆಯ ತುದಿಗೆ ಬಂದೇ ಬರುತ್ತದೆ. ಬೀಜದ ಸಾಲ ಅವನ ತಲೆಯ ಮೇಲಿದೆ, ಆತುರವನ್ನು ತಪ್ಪೆನ್ನಲು ನನಗೆ ಬಾಯಿ ಬರದು. ಆದರೂ ಆ ಮಾತನ್ನು ನುಂಗಿಕೊಂಡು ಬದುವಿನ ಮೇಲೆ ನಿಂತವನ ಎದೆಯ ತಳಮಳ ಎಷ್ಟಿರಬೇಕು!

ಕಡಲತೀರದಲ್ಲೂ ಅದೇ ತಳಮಳವಿತ್ತು. ಹಾರಲು ಸಜ್ಜಾದ ಹನುಮನಿಗೆ ಜಾಂಬವಂತ ಕೊಟ್ಟ ಮಾತು ಇಷ್ಟೇ: ನೀನು ಬರುವವರೆಗೂ ನಾವು ಇಲ್ಲಿ ಒಂಟಿಕಾಲಲ್ಲಿ ನಿಂತಿರುತ್ತೇವೆ.